ನಾಲ್ಕು ಸೆಕೆಂಡು: 1935ರ ಸೀನಿಯರ್ ಟಿಟಿ ನಾರ್ಟನ್ ಕೈತಪ್ಪಿದ್ದು ಎಲ್ಲಿ?

1935ರ ಜೂನ್ 22, ಶನಿವಾರ. ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದಲ್ಲಿ, ಟೂರಿಸ್ಟ್ ಟ್ರೋಫಿ (ಟಿಟಿ) ಮೋಟಾರ್ ಸೈಕಲ್ ಸ್ಪರ್ಧೆಯ 500 ಸಿಸಿ ವರ್ಗವಾದ ಸೀನಿಯರ್ ರೇಸಿನಲ್ಲಿ, ಕೊನೆಯ ಗೆರೆ ದಾಟಿ ಬಂದ ನಾರ್ಟನ್ ತಂಡದ ಜಿಮ್ಮಿ ಗಥ್ರಿಯನ್ನು ಜನ ಗೆದ್ದವನೆಂದೇ ಸುತ್ತುವರಿದರು. ಅಭಿನಂದನೆ ಹೇಳಿದರು, ಫೋಟೊ ತೆಗೆದರು. ಏಳು ಸುತ್ತು, 264 ಮೈಲಿ, ಅಂದರೆ ಸುಮಾರು 425 ಕಿಲೋಮೀಟರು. ಅಷ್ಟನ್ನೂ ಆತ 3 ಗಂಟೆ 7 ನಿಮಿಷ 14 ಸೆಕೆಂಡಿನಲ್ಲಿ ಓಡಿಸಿ ಮುಗಿಸಿದ್ದ. ಆದರೆ ಅವನ ಎದುರಾಳಿ ಇನ್ನೂ ದಾರಿಯಲ್ಲಿದ್ದ. ಕಾಲು ಗಂಟೆ ತುಂಬುವ ಮೊದಲೇ ಸ್ಟ್ಯಾನ್ಲಿ ವುಡ್ಸ್ ಬಂದ. ಗಡಿಯಾರ ನೋಡಿ ಲೆಕ್ಕ ಹಾಕಿದಾಗ ಅವನ ಸಮಯ 3 ಗಂಟೆ 7 ನಿಮಿಷ 10 ಸೆಕೆಂಡು. ನಾಲ್ಕು ಸೆಕೆಂಡಿನಲ್ಲಿ ಗಥ್ರಿ ಸೋತಿದ್ದ.

ಎರಡು ಮಹಾಯುದ್ಧಗಳ ನಡುವಿನ ಮೋಟಾರ್ ಸೈಕಲ್ ರೇಸಿನ ಮಾತು ಬಂದಾಗಲೆಲ್ಲ ಈ ಕಥೆ ಬರುತ್ತದೆ. ಅದನ್ನು ಹೇಳುವ ರೂಢಿ ಹೀಗೆ: ವುಡ್ಸ್‌ನ ಕಡೆಯವರು ಪೆಟ್ರೋಲ್ ತುಂಬಿಸುವ ಸೋಗು ಹಾಕಿದರು, ನಾರ್ಟನ್ ತಂಡ ಅದನ್ನು ನಂಬಿ ಗಥ್ರಿಗೆ ನಿಧಾನ ಮಾಡಲು ಹೇಳಿತು, ವುಡ್ಸ್ ನಿಲ್ಲದೆ ಹಾರಿಹೋಗಿ ಗೆದ್ದ. ಕಥೆ ಚೆನ್ನಾಗಿದೆ. ಆದರೆ ಪೆನ್ನು ಹಿಡಿದು ಆ ದಿನದ ಸಮಯಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಕೂತರೆ ಅದು ಅಷ್ಟು ಸಲೀಸಾಗಿ ಕೂಡುವುದಿಲ್ಲ. ನಾರ್ಟನ್ ತಂಡ ಮೋಸಹೋಯಿತು ಎನ್ನುವುದಕ್ಕಿಂತ, ತನ್ನ ಸವಾರನಿಗೆ ಸುದ್ದಿ ಮುಟ್ಟಿಸಲಾಗದ ಜಾಗದಲ್ಲಿ ಅದು ಸಿಕ್ಕಿಬಿತ್ತು ಎನ್ನುವುದು ನಿಜಕ್ಕೆ ಹೆಚ್ಚು ಹತ್ತಿರ ಎಂದು ನನಗೆ ಅನಿಸುತ್ತದೆ. ಈ ಬರಹ ಅದರ ಬಗ್ಗೆ.

ದ್ವೀಪ, ದಾರಿ, ಗಡಿಯಾರ

ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ರೇಸು ನಡೆಸುವಂತಿರಲಿಲ್ಲ. 1903ರ ಕಾನೂನು ವೇಗವನ್ನು ಗಂಟೆಗೆ 20 ಮೈಲಿಗೆ ಕಟ್ಟಿಹಾಕಿತ್ತು. ಐಲ್ ಆಫ್ ಮ್ಯಾನ್‌ಗೆ ಟಿನ್‌ವಾಲ್ಡ್ ಎಂಬ ತನ್ನದೇ ಶಾಸನಸಭೆ ಇತ್ತು, ರಸ್ತೆ ಮುಚ್ಚಿ ರೇಸು ನಡೆಸಲು ಅದು ಒಪ್ಪಿತು. ಹಾಗೆ 1907ರಲ್ಲಿ ಟೂರಿಸ್ಟ್ ಟ್ರೋಫಿ ಶುರುವಾಯಿತು. 1911ರಲ್ಲಿ ಅದು ಸ್ನೇಫೆಲ್ ಬೆಟ್ಟದ ಮೇಲೆ ಹಾದುಹೋಗುವ ದೊಡ್ಡ ದಾರಿಗೆ ಬಂತು. ಒಂದು ಸುತ್ತಿಗೆ 37 ಮುಕ್ಕಾಲು ಮೈಲಿ. ಡಗ್ಲಸ್‌ನಿಂದ ಬ್ರೇ ಹಿಲ್ ಇಳಿದು, ಬ್ಯಾಲಕ್ರೇನ್, ಕರ್ಕ್ ಮೈಕೆಲ್, ಸಲ್ಬಿ ದಾಟಿ, ಉತ್ತರದ ರ‍್ಯಾಮ್ಸಿ ಪಟ್ಟಣ ಮುಟ್ಟಿ, ಅಲ್ಲಿಂದ ಬೆಟ್ಟ ಹತ್ತಿ ಇಳಿದು ಮತ್ತೆ ಡಗ್ಲಸ್. ಊರೊಳಗಿನ ಬೀದಿ, ಕಲ್ಲಿನ ಗೋಡೆ, ಸೇತುವೆ, ಕುರಿ ಮೇಯುವ ಬಯಲು ಎಲ್ಲವೂ ಆ ಒಂದೇ ಸುತ್ತಿನಲ್ಲಿವೆ.

ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಆಗ ಅರ್ಧ ನಿಮಿಷಕ್ಕೊಬ್ಬರಂತೆ ಬಿಡುತ್ತಿದ್ದರು. ಸವಾರ ಓಡುವುದು ಗಡಿಯಾರದ ವಿರುದ್ಧ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಅವನು ಸೋಲುತ್ತಿರಬಹುದು, ಒಬ್ಬನನ್ನು ಹಿಂದೆ ಹಾಕಿದರೂ ಅದರಿಂದ ಏನೂ ಆಗದಿರಬಹುದು. ತಾನು ಎಲ್ಲಿದ್ದೇನೆ ಎಂದು ಅವನಿಗೆ ತಿಳಿಯಬೇಕಾದರೆ ದಾರಿಬದಿಯಲ್ಲಿ ತನ್ನವರು ಹಿಡಿದ ಹಲಗೆಯೇ ಗತಿ. ಪಿಟ್‌ನಲ್ಲಿ, ಅಂದರೆ ಶುರುವಿನ ಗೆರೆಯ ಬಳಿ ತಂಡದವರು ನಿಲ್ಲುವ ಜಾಗದಲ್ಲಿ, ಒಂದು ಹಲಗೆ. ಅನುಕೂಲವಿದ್ದ ತಂಡಗಳಿಗೆ ರ‍್ಯಾಮ್ಸಿಯಲ್ಲಿ ಇನ್ನೊಂದು ಹಲಗೆ ಮತ್ತು ಅಲ್ಲಿಗೆ ಒಂದು ಟೆಲಿಫೋನು. ಉಳಿದಂತೆ ಇಡೀ ಸುತ್ತು ಮೌನ.

1935ರಲ್ಲಿ ಗಥ್ರಿಗೆ ಸಿಕ್ಕ ಸಂಖ್ಯೆ 1, ವುಡ್ಸ್‌ಗೆ 30. ಅಂದರೆ ಗಥ್ರಿ ಹೊರಟು ಹದಿನಾಲ್ಕೂವರೆ ನಿಮಿಷವಾದ ಮೇಲೆ ವುಡ್ಸ್ ಹೊರಟ. ಒಂದು ಸುತ್ತಿಗೆ ಇಪ್ಪತ್ತಾರು ನಿಮಿಷ ಚಿಲ್ಲರೆ ಹಿಡಿಯುವ ದಾರಿಯಲ್ಲಿ ಒಬ್ಬ ಪಿಟ್ ಮುಂದೆ ಇದ್ದಾಗ ಇನ್ನೊಬ್ಬ ದ್ವೀಪದ ಆ ಕೊನೆಯಲ್ಲಿರುತ್ತಿದ್ದ. ಓದುಗರು ಈ ಹದಿನಾಲ್ಕೂವರೆ ನಿಮಿಷವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಇಬ್ಬರು ಸವಾರರು, ಎರಡು ಬಗೆಯ ಬೈಕು

ಗಥ್ರಿ ಸ್ಕಾಟ್ಲೆಂಡಿನ ಹಾಯಿಕ್ ಊರಿನವ, ಹುಟ್ಟಿದ್ದು 1897ರಲ್ಲಿ. 1934ರಲ್ಲಿ ಜೂನಿಯರ್, ಸೀನಿಯರ್ ಎರಡನ್ನೂ ಗೆದ್ದಿದ್ದ. 1935ರ ಆ ವಾರದ ಮೊದಲಲ್ಲೇ 350 ಸಿಸಿಯ ಜೂನಿಯರ್ ರೇಸನ್ನೂ ಗೆದ್ದು ಮುಗಿಸಿದ್ದ. ಅವನ ಹಿಂದೆ ಇದ್ದದ್ದು ಬರ್ಮಿಂಗ್‌ಹ್ಯಾಮಿನ ನಾರ್ಟನ್ ಕಂಪನಿ ಮತ್ತು ಅದರ ರೇಸ್ ವಿಭಾಗದ ಯಜಮಾನ ಜೋ ಕ್ರೇಗ್. ಕ್ರೇಗ್‌ನ ನಂಬಿಕೆ ಸರಳ: ಹೊಸದಾಗಿ ಏನನ್ನೂ ಕಂಡುಹಿಡಿಯಬೇಡ, ಇರುವುದನ್ನು ಪ್ರತಿವರ್ಷ ಇನ್ನಷ್ಟು ತಿದ್ದು. ನಾರ್ಟನ್ನಿನದು ಒಂದೇ ಸಿಲಿಂಡರಿನ, ಓವರ್‌ಹೆಡ್ ಕ್ಯಾಮ್‌ನ (ಕವಾಟ ತೆರೆಯುವ ಕ್ಯಾಮ್ ಮೇಲ್ಭಾಗದಲ್ಲಿರುವ) ಎಂಜಿನ್. ಬೋರ್, ಅಂದರೆ ಸಿಲಿಂಡರಿನ ಅಗಲ, 79 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 100; ಒಟ್ಟು 490 ಸಿಸಿ. ಎಂಜಿನ್ ಗಟ್ಟಿಮುಟ್ಟು, ಹೊಟ್ಟೆಯೂ ಚಿಕ್ಕದು, ಪೆಟ್ರೋಲ್ ಕಡಿಮೆ ಸಾಕು. ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಇರಲಿಲ್ಲ.

ವುಡ್ಸ್ ಡಬ್ಲಿನ್‌ನವ. ಹದಿನೆಂಟರ ವಯಸ್ಸಿನಲ್ಲಿ, 1922ರಲ್ಲಿ ಕಾಟನ್ ಕಂಪನಿಯ ಬೈಕಿನ ಮೇಲೆ ಮೊದಲ ಟಿಟಿ ಓಡಿಸಿದವ. ಆ ದಿನ ಪಿಟ್‌ನಲ್ಲಿ ಬೈಕಿಗೆ ಬೆಂಕಿ ಹತ್ತಿಕೊಂಡಿತು. ಆದರೂ ಐದನೆಯವನಾಗಿ ಮುಗಿಸಿದ, ಮರುವರ್ಷ ಅದೇ ಜೂನಿಯರ್ ರೇಸು ಗೆದ್ದ. ಅವನ ಮನೆತನಕ್ಕೆ ಟಾಫಿಯ ವ್ಯಾಪಾರದ ನಂಟಿತ್ತು. ಟಿಟಿಯ ದೊಡ್ಡ ಸ್ಕೋರ್‌ಬೋರ್ಡ್ ನಡೆಸುತ್ತಿದ್ದ ಸ್ಕೌಟ್ ಹುಡುಗರಿಗೆ ಪ್ರತಿವರ್ಷ ಟಾಫಿಯ ಪೆಟ್ಟಿಗೆ ಕೊಡುತ್ತಿದ್ದ. ಈ ಸಣ್ಣ ಸಂಗತಿ ನನಗೆ ಬಲು ಇಷ್ಟ. 1932 ಮತ್ತು 1933ರಲ್ಲಿ ನಾರ್ಟನ್ ಮೇಲೆ ಜೂನಿಯರ್, ಸೀನಿಯರ್ ಎರಡೂ ಅವನದೇ. ಎರಡು ವರ್ಷ, ನಾಲ್ಕು ರೇಸು, ನಾಲ್ಕು ಗೆಲುವು. ಆಮೇಲೆ ನಾರ್ಟನ್ ಬಿಟ್ಟ. ಹಾಗಾಗಿ 1935ರಲ್ಲಿ ಎದುರಾಳಿಯ ಪಿಟ್‌ನಲ್ಲಿ ನಿಂತಿದ್ದ ಕ್ರೇಗ್ ಹೇಗೆ ಯೋಚಿಸುತ್ತಾನೆ, ಯಾವಾಗ ಯಾವ ಹಲಗೆ ಹಿಡಿಯುತ್ತಾನೆ ಎನ್ನುವುದು ವುಡ್ಸ್‌ಗೆ ಒಳಗಿನಿಂದಲೇ ಗೊತ್ತಿತ್ತು.

1934ರ ಸೀನಿಯರ್‌ನಲ್ಲಿ ವುಡ್ಸ್ ಸ್ವೀಡನ್ನಿನ ಹಸ್ಕ್‌ವರ್ನಾ ಓಡಿಸಿದ. ಗಥ್ರಿಯ ಹಿಂದೆ ಎರಡನೇ ಸ್ಥಾನದಲ್ಲಿದ್ದಾಗ ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಮುಗಿದು ನಿಂತುಬಿಟ್ಟ. ಆ ರೇಸಿನ ಅತಿ ವೇಗದ ಸುತ್ತು ಅವನದೇ ಆಗಿತ್ತು. ಟ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ಬೇಕು ಎಂಬ ಪ್ರಶ್ನೆ ಅಂಥವನ ತಲೆಯಿಂದ ಮುಂದಿನ ಹನ್ನೆರಡು ತಿಂಗಳು ಹೋಗಿರಲಾರದು.

1935ಕ್ಕೆ ಅವನು ತಂದದ್ದು ಇಟಲಿಯ ಕೋಮೊ ಸರೋವರದ ದಂಡೆಯ ಮಾಂಡೆಲ್ಲೊ ಊರಿನ ಮೋಟೊ ಗುಟ್ಸಿ. ಕಾರ್ಲೊ ಗುಟ್ಸಿಯ ಒಂದೇ ಸಿಲಿಂಡರಿನ 250 ಸಿಸಿ ರೇಸ್ ಎಂಜಿನ್ನಿನಲ್ಲಿದ್ದಂಥ ಸಿಲಿಂಡರುಗಳನ್ನು ಎರಡರಂತೆ 120 ಡಿಗ್ರಿ ಕೋನದಲ್ಲಿ ಜೋಡಿಸಿದ ಯಂತ್ರ ಅದು. ಬೋರ್, ಸ್ಟ್ರೋಕ್ ಎರಡೂ 68 ಮಿಲಿಮೀಟರ್. ಒಂದು ಸಿಲಿಂಡರ್ ನೆಲಕ್ಕೆ ಸಮನಾಗಿ ಮುಂದಕ್ಕೆ ಚಾಚಿಕೊಂಡಿದ್ದರೆ ಇನ್ನೊಂದು ಹಿಂದಕ್ಕೆ ವಾಲಿ ಮೇಲೆದ್ದಿತ್ತು. ಇದಕ್ಕಿಂತ ಮುಖ್ಯವಾದದ್ದು, ಅದರ ಹಿಂದಿನ ಚಕ್ರ ಸ್ಪ್ರಿಂಗ್ ಮೇಲೆ ಕೂತಿತ್ತು. ಹಿಂಬದಿಗೆ ಸ್ಪ್ರಿಂಗ್ ಹಾಕಿದರೆ ಬೈಕು ತಿರುವಿನಲ್ಲಿ ಓಲಾಡುತ್ತದೆ, ರೇಸಿಗೆ ಆಗದು ಎಂಬುದು ಆ ಕಾಲದ ಹೆಚ್ಚಿನವರ ಗಟ್ಟಿ ನಂಬಿಕೆ. ಗುಟ್ಸಿಯವರು ಹಾಗೆ ನಂಬಿರಲಿಲ್ಲ. 1928ರಲ್ಲೇ ಕಾರ್ಲೊನ ಅಣ್ಣತಮ್ಮಂದಿರಲ್ಲೊಬ್ಬನಾದ ಜೂಸೆಪ್ಪೆ ಹಿಂದೆ ಸ್ಪ್ರಿಂಗ್ ಇದ್ದ ಬೈಕಿನಲ್ಲಿ ನಾರ್ವೆಯ ಉತ್ತರದ ತುದಿಯವರೆಗೆ ಹೋಗಿ ಬಂದಿದ್ದ.

ಶುಕ್ರವಾರದ ಮಂಜು

ವಾರದ ನಡುವೆ ವುಡ್ಸ್ 250 ಸಿಸಿಯ ಲೈಟ್‌ವೇಟ್ ರೇಸನ್ನು ಗುಟ್ಸಿಯ ಮೇಲೆ ಗೆದ್ದ. ಇಟಲಿಯ ಯಂತ್ರವೊಂದಕ್ಕೆ ಟಿಟಿಯಲ್ಲಿ ಅದೇ ಮೊದಲ ಗೆಲುವು. ಸೀನಿಯರ್ ನಡೆಯಬೇಕಿದ್ದದ್ದು ಜೂನ್ 21ರ ಶುಕ್ರವಾರ. ಅಂದು ಬೆಟ್ಟದ ಮೇಲೆ ಮಂಜು ಕವಿದುಕೊಂಡು ಬಿಡಲೇ ಇಲ್ಲ. ಕಾದರು, ಮತ್ತೆ ಕಾದರು, ಕೊನೆಗೆ ರೇಸನ್ನು ಶನಿವಾರಕ್ಕೆ ಮುಂದೂಡಿದರು. ಟಿಟಿಯ ಇತಿಹಾಸದಲ್ಲಿ ಹಾಗೆ ಮುಂದೂಡಿದ್ದು ಅದೇ ಮೊದಲು.

ಶನಿವಾರ ಗಥ್ರಿ ಮೊದಲಿಂದಲೇ ಮುಂದೆ. ಅರ್ಧ ದಾರಿ ಸವೆಯುವ ಹೊತ್ತಿಗೆ ವುಡ್ಸ್‌ಗಿಂತ ಮುಕ್ಕಾಲು ನಿಮಿಷದ ಆಸುಪಾಸು ಮುಂದಿದ್ದ. ಅಲ್ಲಿಂದ ವುಡ್ಸ್ ಅದನ್ನು ಸುತ್ತು ಸುತ್ತಿಗೂ ಕೊರೆಯುತ್ತ ಬಂದ. ಆರನೇ ಸುತ್ತು ಮುಗಿದಾಗ ಇಬ್ಬರ ನಡುವೆ ಉಳಿದದ್ದು 26 ಸೆಕೆಂಡು. ಒಂದು ಸುತ್ತು ಬಾಕಿ.

ನಾರ್ಟನ್ ಪಿಟ್‌ನಿಂದ ಕಂಡದ್ದು

ಈಗ ಕ್ರೇಗ್‌ನ ಜಾಗದಲ್ಲಿ ನಿಂತು ನೋಡೋಣ. ಗಥ್ರಿ ಆರನೇ ಸುತ್ತು ಮುಗಿಸಿ ಪಿಟ್ ಮುಂದೆ ಹಾದುಹೋಗುವ ಕ್ಷಣ. ಅವನಿಗೆ ಹಲಗೆ ತೋರಿಸಬೇಕು. ತೋರಿಸಲು ಕ್ರೇಗ್ ಬಳಿ ಏನಿದೆ? ವುಡ್ಸ್‌ನ ಆರನೇ ಸುತ್ತಿನ ಲೆಕ್ಕ ಅವನಿಗೆ ಸಿಕ್ಕಿಲ್ಲ, ಏಕೆಂದರೆ ವುಡ್ಸ್ ಇನ್ನೂ ಬಂದಿಲ್ಲ. ಅವನು ಬರುವುದು ಇನ್ನು ಹದಿನೈದು ನಿಮಿಷದ ಮೇಲೆ. ಪಿಟ್ ಮುಂದಿನ ಗಡಿಯಾರದಲ್ಲಿ ಇರುವುದು ಐದನೇ ಸುತ್ತಿನ ಅಂತರ, ಸುಮಾರು ಅರ್ಧ ನಿಮಿಷ. ಅಂದರೆ ಕ್ರೇಗ್ ನೋಡುತ್ತಿರುವುದು ಹಳೆಯ ಸುದ್ದಿ.

ಇದರ ಜೊತೆ ಅವನಲ್ಲಿ ಒಂದು ಊಹೆಯಿತ್ತು. ಎರಡು ಸಿಲಿಂಡರಿನ ಗುಟ್ಸಿ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ವುಡ್ಸ್ ಒಮ್ಮೆ ತುಂಬಿಸಿಕೊಂಡಿದ್ದಾನೆ, ಆದರೂ ಕೊನೆಯ ಸುತ್ತಿಗೆ ಮೊದಲು ಇನ್ನೊಂದು ತೊಟ್ಟಾದರೂ ಬೇಕಾಗುತ್ತದೆ. ನಿಲ್ಲಿಸಿ, ಸುರಿಸಿ, ಮತ್ತೆ ವೇಗ ಹಿಡಿಯುವಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತದೆ. ಗುಟ್ಸಿ ಪಿಟ್‌ನಲ್ಲಿ ಪೆಟ್ರೋಲ್ ತುಂಬಿಸಲು ಸಿದ್ಧರಾಗಿ ನಿಂತವರು ಕಣ್ಣಿಗೂ ಬೀಳುತ್ತಿದ್ದರು. ಇರುವ ಅರ್ಧ ನಿಮಿಷ, ಬರುವ ಅರ್ಧ ನಿಮಿಷ, ಕೂಡಿದರೆ ಒಂದು ನಿಮಿಷ. ಒಂದು ನಿಮಿಷ ಕೈಯಲ್ಲಿರುವಾಗ ಕೊನೆಯ ಸುತ್ತಿನಲ್ಲಿ ಎಂಜಿನ್ನನ್ನು ಯಾಕೆ ಹಿಂಡಬೇಕು? ಆ ಕಾಲದಲ್ಲಿ 225 ಮೈಲಿ ಓಡಿ ಬಿಸಿಯಾದ ಎಂಜಿನ್ ಕೈಕೊಡುವುದು ದಿನನಿತ್ಯದ ಮಾತು, ಚೈನು ಕಡಿಯುವುದೂ ಅಷ್ಟೆ. ಜೋಪಾನವಾಗಿ ಬಾ ಎಂದು ಹೇಳುವುದೇ ಅಂದಿನ ವಿವೇಕ. ಕ್ರೇಗ್ ಸೋಮಾರಿಯೂ ಅಲ್ಲ, ಪೆದ್ದನೂ ಅಲ್ಲ. ಅವನ ಜಾಗದಲ್ಲಿ ನಿಂತಿದ್ದರೆ ನಾನೂ ಅದೇ ಹಲಗೆ ಹಿಡಿಯುತ್ತಿದ್ದೆ.

ವುಡ್ಸ್ ಬಂದ. ಗುಟ್ಸಿಯವರು ಎದುರು ನೋಡುತ್ತ ನಿಂತೇ ಇದ್ದರು. ಅವನು ನಿಲ್ಲಲಿಲ್ಲ. ಟ್ಯಾಂಕಿನ ಮೇಲೆ ಮಲಗಿದವನಂತೆ ಬಗ್ಗಿಕೊಂಡು ಪೂರಾ ವೇಗದಲ್ಲಿ ಬ್ರೇ ಹಿಲ್ ಕಡೆಗೆ ಹೋಗಿಬಿಟ್ಟ.

ಆ ಕ್ಷಣದಲ್ಲಿ ಗಥ್ರಿ ಎಲ್ಲಿದ್ದ? ಲೆಕ್ಕ ಕಷ್ಟವಲ್ಲ. ಅಂತರ 26 ಸೆಕೆಂಡು, ಹೊರಟ ಸಮಯದ ವ್ಯತ್ಯಾಸ ಹದಿನಾಲ್ಕೂವರೆ ನಿಮಿಷ. ಗಥ್ರಿ ಪಿಟ್ ದಾಟಿ 14 ನಿಮಿಷ 56 ಸೆಕೆಂಡು ಆಗಿತ್ತು. ಸುತ್ತಿನ ಅರ್ಧಕ್ಕಿಂತ ತುಸು ಹೆಚ್ಚು ಮುಗಿದಿತ್ತು. ಅಂದರೆ ಸಲ್ಬಿಯ ಆಸುಪಾಸು, ರ‍್ಯಾಮ್ಸಿ ಹತ್ತಿರವಾಗುತ್ತಿದ್ದ ಜಾಗ. ಗಥ್ರಿಗೆ ಸುದ್ದಿ ಮುಟ್ಟಿಸಲು ನಾರ್ಟನ್‌ಗೆ ಉಳಿದಿದ್ದ ಕೊನೆಯ ಬಾಗಿಲು ರ‍್ಯಾಮ್ಸಿ, ಅದು ಮುಚ್ಚಿಕೊಳ್ಳಲು ಹೆಚ್ಚೆಂದರೆ ಒಂದೆರಡು ನಿಮಿಷ. ಫೋನು ಎತ್ತಬೇಕು, ಎಕ್ಸ್‌ಚೇಂಜ್ ಜೋಡಿಸಬೇಕು, ಆ ಕಡೆ ಯಾರಾದರೂ ತೆಗೆದು ಕೇಳಿಸಿಕೊಳ್ಳಬೇಕು, ಹಲಗೆ ಬದಲಿಸಿ ರಸ್ತೆಬದಿಗೆ ಓಡಬೇಕು. ಫೋನು ಮಾಡಿದರು ಎಂದೇ ಹೇಳುತ್ತಾರೆ. ಅದು ಮುಟ್ಟುವಷ್ಟರಲ್ಲಿ ಗಥ್ರಿ ರ‍್ಯಾಮ್ಸಿ ದಾಟಿ ಬೆಟ್ಟ ಹತ್ತುತ್ತಿದ್ದ. ಬೆಟ್ಟದ ಮೇಲೆ ಹಲಗೆಯಿಲ್ಲ, ಫೋನಿಲ್ಲ. ಉಳಿದ ಹತ್ತು ನಿಮಿಷ ಅವನಿಗೆ ತಾನು ಗೆಲ್ಲುತ್ತಿದ್ದೇನೆ ಎಂಬುದೊಂದೇ ಗೊತ್ತು.

ಕಥೆ ಹೇಳುವವರು ಪೆಟ್ರೋಲಿನ ಸೋಗನ್ನೂ ನಾರ್ಟನ್ನಿನ ಹಲಗೆಯನ್ನೂ ಒಂದೇ ಕ್ಷಣಕ್ಕೆ ತಂದು ಅಂಟಿಸುತ್ತಾರೆ. ಎರಡರ ನಡುವೆ ಹದಿನೈದು ನಿಮಿಷವಿತ್ತು. ಗಥ್ರಿ ಹಾದುಹೋದಾಗ ಗುಟ್ಸಿ ಪಿಟ್‌ನಲ್ಲಿ ಕಂಡ ಸಿದ್ಧತೆ ಹೆಚ್ಚೆಂದರೆ ಮೊದಲೇ ಇದ್ದ ಊಹೆಗೆ ಒತ್ತು ಕೊಟ್ಟಿರಬಹುದು. ಊಹೆ ಹುಟ್ಟಿದ್ದು ಗುಟ್ಸಿಯ ಹಸಿವಿನ ಲೆಕ್ಕದಿಂದ. ಸೋಗಿನ ನಿಜವಾದ ಕೆಲಸ ನಡೆದದ್ದು ಆಮೇಲೆ: ವುಡ್ಸ್ ಬಂದು ದಾಟುವ ಕ್ಷಣದವರೆಗೂ ಅದು ನಾರ್ಟನ್ ಪಿಟ್ಟನ್ನು ನೆಮ್ಮದಿಯಾಗಿ ಕೂರಿಸಿತು. ಐದು ನಿಮಿಷ ಮೊದಲು ಅನುಮಾನ ಬಂದಿದ್ದರೂ ಸಾಕಿತ್ತು, ರ‍್ಯಾಮ್ಸಿಯ ಹಲಗೆ ಸಿದ್ಧವಾಗಿರುತ್ತಿತ್ತು.

ಗಥ್ರಿ ನಿಧಾನ ಮಾಡಿದನೇ?

ಇಲ್ಲೊಂದು ಅನ್ಯಾಯ ನಡೆದಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಕಥೆ ಕೇಳಿದವರ ಮನಸ್ಸಿನಲ್ಲಿ ಗಥ್ರಿ ಕೊನೆಯ ಸುತ್ತನ್ನು ಆರಾಮಾಗಿ ಸವಾರಿ ಮಾಡಿಕೊಂಡು ಬಂದ ಚಿತ್ರ ಉಳಿಯುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ.

ವುಡ್ಸ್‌ನ ಕೊನೆಯ ಸುತ್ತು 26 ನಿಮಿಷ 10 ಸೆಕೆಂಡು. ಗಂಟೆಗೆ 86.53 ಮೈಲಿ, ಸುಮಾರು 139 ಕಿಲೋಮೀಟರು. ಅದು ಹೊಸ ದಾಖಲೆ. 26 ಸೆಕೆಂಡು ಹಿಂದಿದ್ದವನು 4 ಸೆಕೆಂಡು ಮುಂದೆ ಬಂದ, ಅಂದರೆ ಆ ಸುತ್ತಿನಲ್ಲಿ ಗಥ್ರಿಗಿಂತ 30 ಸೆಕೆಂಡು ಗಳಿಸಿದ. ಹಾಗಾದರೆ ಗಥ್ರಿಯ ಕೊನೆಯ ಸುತ್ತು 26 ನಿಮಿಷ 40 ಸೆಕೆಂಡು. ಅವನ ಇಡೀ ರೇಸಿನ ಸರಾಸರಿ ತೆಗೆದರೆ ಸುತ್ತಿಗೆ 26 ನಿಮಿಷ 45 ಸೆಕೆಂಡು ಬರುತ್ತದೆ. ಆ ಸರಾಸರಿಯಲ್ಲಿ ನಿಂತಲ್ಲಿಂದ ಹೊರಟ ಮೊದಲ ಸುತ್ತಿದೆ, ಪೆಟ್ರೋಲಿಗೆ ನಿಂತ ಸಮಯವೂ ಇದೆ. ಅವೆರಡನ್ನೂ ಕಳೆದರೂ ಕೊನೆಯ ಸುತ್ತು ಅವನ ಮಾಮೂಲಿ ಓಟದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಒಂದಿಷ್ಟು ಕೈ ಸಡಿಲಿಸಿರಬಹುದು. ನಾಲ್ಕು ಸೆಕೆಂಡಿಗೆ ಅಷ್ಟು ಸಾಕೇ ಸಾಕು, 37 ಮುಕ್ಕಾಲು ಮೈಲಿಯಲ್ಲಿ ನಾಲ್ಕು ಸೆಕೆಂಡು ಎಂದರೆ ಮೈಲಿಗೆ ಸೆಕೆಂಡಿನ ಹತ್ತನೇ ಒಂದು ಪಾಲು. ಆದರೆ ಅವನು ಅಡ್ಡಾಡಿಕೊಂಡು ಬರಲಿಲ್ಲ. ತನಗೆ ಹೇಳಿದಂತೆ, ತನ್ನ ಎಂದಿನ ವೇಗದಲ್ಲಿ ಬಂದ. ಬೇಕಾಗಿದ್ದದ್ದು ಎಂದಿನದಕ್ಕಿಂತ ಹೆಚ್ಚಿನದು, ಅದು ಬೇಕು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಇನ್ನೊಂದು ಕಡೆ, ಮೂವತ್ತು ಸೆಕೆಂಡು ಗಳಿಸಿದ ವುಡ್ಸ್‌ನ ಸವಾರಿಯನ್ನು ಬರೀ ಸೋಗಿನ ನೆರಳಿಗೆ ತಳ್ಳುವುದೂ ಸರಿಯಲ್ಲ. ಆರು ಸುತ್ತು, ಎರಡು ಮುಕ್ಕಾಲು ಗಂಟೆಯ ಹತ್ತಿರದ ಹೊಡೆತದ ಮೇಲೆ ಏಳನೇ ಸುತ್ತನ್ನು ಎಲ್ಲಕ್ಕಿಂತ ವೇಗವಾಗಿ ಓಡಿಸುವುದು ಮೈಯಲ್ಲಿ ಕಸುವು ಉಳಿದವನಿಗೆ ಮಾತ್ರ ಸಾಧ್ಯ. ಸಲ್ಬಿಯ ನೇರ ರಸ್ತೆಯ ಉಬ್ಬುತಗ್ಗು ಸವಾರರಿಗೆ ಕುಖ್ಯಾತ. ಸ್ಪ್ರಿಂಗ್ ಇಲ್ಲದ ಬೈಕಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಹಾರುತ್ತದೆ, ಹಾರಿದಷ್ಟು ಹೊತ್ತು ಎಂಜಿನ್ನಿನ ಬಲ ಗಾಳಿಗೆ ಹೋಗುತ್ತದೆ. ಪ್ರತಿ ಏಟೂ ನೇರ ಸವಾರನ ಬೆನ್ನಿಗೆ, ಕೈಗೆ. ಗುಟ್ಸಿಯ ಹಿಂಬದಿ ಸ್ಪ್ರಿಂಗ್ ಮೊದಲ ಸುತ್ತಿನಲ್ಲಿ ಕೊಟ್ಟ ಲಾಭ ಕಡಿಮೆಯೇ ಇರಬಹುದು. ಏಳನೆಯದರಲ್ಲಿ ಅದು ಕೂಡಿಟ್ಟ ಗಂಟಿನಂತೆ ಕೈಗೆ ಬಂತು. ರೇಸಿನ ಉತ್ತರಾರ್ಧದ ಉದ್ದಕ್ಕೂ ಅಂತರ ಇಳಿಯುತ್ತಲೇ ಬಂದದ್ದು ನನ್ನ ಕಣ್ಣಿಗೆ ಇದರ ಗುರುತು. ನಾರ್ಟನ್‌ಗೂ ಅದು ಕಾಣುತ್ತಿತ್ತು, ಆದರೆ ಅವರ ಗಮನವೆಲ್ಲ ಟ್ಯಾಂಕಿನ ಮೇಲಿತ್ತು.

ಗಥ್ರಿ ಗೆರೆ ದಾಟಿದ ಮೇಲೆ ಡಗ್ಲಸ್‌ನಲ್ಲಿ ಕಳೆದ ಆ ಹದಿನಾಲ್ಕು ನಿಮಿಷ 26 ಸೆಕೆಂಡು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಸ್ಕೋರ್‌ಬೋರ್ಡಿನಲ್ಲಿ ಪ್ರತಿ ಸವಾರನಿಗೂ ಒಂದು ಮುಳ್ಳು, ಅವನು ಕೊನೆಯ ಗೆರೆಗೆ ತುಸು ಮುಂಚಿನ ಗವರ್ನರ್ಸ್ ಬ್ರಿಡ್ಜ್ ತಿರುವಿನ ಹತ್ತಿರ ಬಂದಾಗ ಹೊತ್ತಿಕೊಳ್ಳುವ ಒಂದು ದೀಪ. 30ನೇ ಸಂಖ್ಯೆಯ ದೀಪ ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಸಾವಿರಾರು ಜನ ಗಡಿಯಾರ ಹಿಡಿದು ನೋಡುತ್ತಿದ್ದರು. ದೀಪ ಹೊತ್ತಿತು, ಕೆಂಪು ಗುಟ್ಸಿ ಬಂತು. ಮೂರನೇ ಸ್ಥಾನ ನಾರ್ಟನ್ನಿನ ವಾಲ್ಟರ್ ರಸ್ಕ್‌ಗೆ. ಸೀನಿಯರ್ ರೇಸನ್ನು ವಿದೇಶಿ ಬೈಕು ಗೆದ್ದದ್ದು 1911ರಲ್ಲಿ ಅಮೆರಿಕದ ಇಂಡಿಯನ್ ಗೆದ್ದ ಮೇಲೆ ಅದೇ ಮೊದಲು, ಹಿಂದೆ ಸ್ಪ್ರಿಂಗ್ ಇದ್ದ ಬೈಕು ಗೆದ್ದದ್ದೂ 1935ರಲ್ಲೇ ಮೊದಲು.

ಮುಂದೆ ಆದದ್ದು

1936ಕ್ಕೆ ಬಂದ ನಾರ್ಟನ್ ರೇಸ್ ಬೈಕುಗಳ ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಬಂದಿತ್ತು. ಇರುವುದನ್ನೇ ತಿದ್ದುವ ಕ್ರೇಗ್ ಕೂಡ ಆ ಪಾಠವನ್ನು ಒಂದೇ ವರ್ಷದಲ್ಲಿ ಕಲಿತ. ವುಡ್ಸ್ ಆ ವರ್ಷ ವೆಲೊಸೆಟ್‌ಗೆ ಹೋಗಿದ್ದ, ಅದರ ಹಿಂಬದಿಯೂ ಸ್ಪ್ರಿಂಗ್ ಮೇಲೆಯೇ. ಸೀನಿಯರ್‌ನಲ್ಲಿ ಮತ್ತೆ ಅವರಿಬ್ಬರೇ ಎದುರುಬದುರು. ಈ ಸಲ ಗಥ್ರಿ ಗೆದ್ದ, ವುಡ್ಸ್ 18 ಸೆಕೆಂಡು ಹಿಂದೆ. ವುಡ್ಸ್ 1938, 1939ರಲ್ಲಿ ವೆಲೊಸೆಟ್ ಮೇಲೆ ಜೂನಿಯರ್ ಗೆದ್ದು ಹತ್ತು ಟಿಟಿ ಗೆಲುವುಗಳೊಂದಿಗೆ ನಿಂತ. 1993ರವರೆಗೆ ಬದುಕಿದ್ದ.

ಗಥ್ರಿಗೆ ಅಷ್ಟು ಕಾಲ ಸಿಗಲಿಲ್ಲ. 1937ರ ಟಿಟಿಯ ಸೀನಿಯರ್ ರೇಸಿನಲ್ಲಿ ಬೆಟ್ಟ ಹತ್ತುವ ದಾರಿಯ ಕಟಿಂಗ್ ಎಂಬಲ್ಲಿ ಬೈಕು ಕೈಕೊಟ್ಟು ಹಿಂದೆ ಸರಿದ. ಅದೇ ಆಗಸ್ಟ್ 8ರಂದು ಜರ್ಮನ್ ಗ್ರ್ಯಾಂಡ್ ಪ್ರಿಯಲ್ಲಿ, ಹೋಹೆನ್‌ಸ್ಟೈನ್-ಎರ್ನ್‌ಸ್ಟ್‌ಟಾಲ್‌ನಲ್ಲಿ, ಮುಂದಿದ್ದಾಗಲೇ ಕೊನೆಯ ಸುತ್ತಿನಲ್ಲಿ ಬಿದ್ದು ತೀರಿಕೊಂಡ. ಅವನು ಕೊನೆಯ ಟಿಟಿಯಲ್ಲಿ ನಿಂತುಹೋದ ಆ ತಿರುವಿನಲ್ಲಿ 1939ರಲ್ಲಿ ಕಲ್ಲಿನ ಸ್ಮಾರಕ ಕಟ್ಟಿದರು. ಅದು ಇಂದಿಗೂ ಇದೆ, ಆ ಜಾಗಕ್ಕೇ ಗಥ್ರಿಯ ಹೆಸರಿದೆ. ರ‍್ಯಾಮ್ಸಿ ದಾಟಿ ಎರಡು ಮೂರು ಮೈಲಿ ಬೆಟ್ಟ ಹತ್ತಿದರೆ ಸಿಗುತ್ತದೆ. 1935ರ ಜೂನ್ 22ರಂದು ಫೋನಿನ ಸುದ್ದಿ ಅವನನ್ನು ಹಿಂಬಾಲಿಸಲಾಗದೆ ಹೋದದ್ದು ಅದೇ ದಾರಿಯಲ್ಲಿ.